ಪೊಲೀಸ್ ಸಂಘಗಳು ಮತ್ತು ಅಹವಾಲಿನ ದಾರಿಗಳು: ವೃತ್ತಿ ಜಾನಪದದ ನೆಲೆಯಿಂದ

ವೃತ್ತಿ ಸಮುದಾಯಗಳು ತಮ್ಮ ಅಹವಾಲನ್ನು ಆಳುವವರ ಮುಂದೆ ಇಡುವ ಬಗೆಯು ಜಾನಪದ ಅಧ್ಯಯನದ ಮುಖ್ಯ ವಿಷಯಗಳಲ್ಲಿ ಒಂದು. ನೇಕಾರರು, ಕಮ್ಮಾರರು, ಬೆಸ್ತರು ಮೊದಲಾದವರ ವೃತ್ತಿಬದುಕನ್ನು ಕುರಿತು ಕನ್ನಡದಲ್ಲಿ ಗಣನೀಯ ಕೆಲಸ ನಡೆದಿದೆ. ಆಧುನಿಕ ಪ್ರಭುತ್ವದೊಡನೆ ರೂಪುಗೊಂಡ ಸಮವಸ್ತ್ರದ ವೃತ್ತಿಗಳ ಕಡೆಗೆ ಮಾತ್ರ ನಮ್ಮ ಗಮನ ಹರಿದದ್ದು ಕಡಿಮೆ. ಪೊಲೀಸ್ ಸಿಬ್ಬಂದಿಗೆ ತಮ್ಮದೇ ಆದ ನುಡಿಗಟ್ಟು, ಶ್ರೇಣಿ, ಆಚರಣೆ, ವಸತಿ ಎಲ್ಲವೂ ಇವೆ. ಆದರೆ ಉಳಿದ ವೃತ್ತಿಗಳಿಗೆ ಸಹಜವಾಗಿ ಒದಗಿರುವ ಸಂಘಟನೆಯ ಹಕ್ಕು ಇವರಿಗೆ ಷರತ್ತಿಗೆ ಒಳಪಟ್ಟಿದೆ. ಸಂಘಕ್ಕೆ ಅವಕಾಶವಿರುವಲ್ಲಿ ಅದು ರಾಜಕೀಯದ ಮೇಲೆ ಹೇಗೆ ಒತ್ತಡ ತರುತ್ತದೆ, ಅವಕಾಶವಿಲ್ಲದಲ್ಲಿ ಆ ಒತ್ತಡ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸಂವಿಧಾನದ 33ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ ಕಾಯುವ ಪಡೆಗಳ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ಅದರ ಬಲದಿಂದ 1966ರ ಡಿಸೆಂಬರ್‌ನಲ್ಲಿ ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯ್ದೆ ಜಾರಿಗೆ ಬಂದಿತು. ಅನುಮತಿಯಿಲ್ಲದೆ ಕಾರ್ಮಿಕ ಸಂಘ ಅಥವಾ ರಾಜಕೀಯ ಸಂಸ್ಥೆಯ ಸದಸ್ಯರಾಗುವುದನ್ನು ಅದು ನಿಷೇಧಿಸುತ್ತದೆ. ರಾಜಕೀಯ ಉದ್ದೇಶದ ಸಭೆ, ಪ್ರದರ್ಶನಗಳಲ್ಲಿ ಭಾಗವಹಿಸುವುದನ್ನೂ ತಡೆಯುತ್ತದೆ. ಮೀರಿದವರಿಗೆ 2 ವರ್ಷಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಕೇವಲ ಸಾಮಾಜಿಕ, ಮನರಂಜನಾ ಅಥವಾ ಧಾರ್ಮಿಕ ಸ್ವರೂಪದ ಸಂಘಗಳಿಗೆ ಈ ನಿರ್ಬಂಧವಿಲ್ಲ. ಜಾನಪದ ವಿದ್ಯಾರ್ಥಿಗೆ ಈ ವಿನಾಯಿತಿ ವಿಶೇಷವಾಗಿ ಗಮನಾರ್ಹ. ಠಾಣೆಯ ಸಿಬ್ಬಂದಿ ಒಟ್ಟುಗೂಡಿ ಆಯುಧಪೂಜೆ ಮಾಡಬಹುದು. ಅದೇ ಸಿಬ್ಬಂದಿ ವಾರದ ರಜೆ ಕೇಳಲು ತಾವಾಗಿಯೇ ಸಂಘ ಕಟ್ಟುವಂತಿಲ್ಲ. ಸಮುದಾಯದ ಒಗ್ಗೂಡುವಿಕೆಯನ್ನು ಒಪ್ಪಿ, ಅದರ ಬೇಡಿಕೆಯನ್ನು ಮಾತ್ರ ಕಾನೂನು ಬೇರ್ಪಡಿಸಿದೆ. ದೆಹಲಿ ಪೊಲೀಸ್ ನೌಕರರ ಸಂಘವು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು.

ಇದೇ ಪ್ರಶ್ನೆಯನ್ನು ಬ್ರಿಟನ್ ಬೇರೆ ರೀತಿಯಲ್ಲಿ ಎದುರಿಸಿತ್ತು. 1918 ಮತ್ತು 1919ರ ಪೊಲೀಸ್ ಮುಷ್ಕರಗಳ ನಂತರ ಅಲ್ಲಿನ 1919ರ ಕಾಯ್ದೆಯು ಪೊಲೀಸರು ಕಾರ್ಮಿಕ ಸಂಘ ಸೇರುವುದನ್ನು ನಿಷೇಧಿಸಿತು. ಅದೇ ಕಾಯ್ದೆ ಪೊಲೀಸ್ ಫೆಡರೇಷನ್ ಎಂಬ ಶಾಸನಬದ್ಧ ಸಂಸ್ಥೆಯನ್ನೂ ಸ್ಥಾಪಿಸಿತು. ಮುಷ್ಕರದ ಬಾಗಿಲು ಮುಚ್ಚಿದವರು ಅಹವಾಲಿನ ಬಾಗಿಲನ್ನು ತೆರೆದಿಟ್ಟರು. ಮುಂದೆ ಈ ಫೆಡರೇಷನ್ ಸಂಸತ್ತಿನೊಳಗೆ ತನ್ನ ಪರವಾಗಿ ಮಾತನಾಡುವ ಸಲಹೆಗಾರರನ್ನು ನೇಮಿಸಿಕೊಂಡಿತು. 1955ರಿಂದ 1964ರವರೆಗೆ ಆ ಸ್ಥಾನದಲ್ಲಿದ್ದ ಜೇಮ್ಸ್ ಕ್ಯಾಲಹನ್ 1967ರಲ್ಲಿ ಗೃಹಸಚಿವರೂ 1976ರಲ್ಲಿ ಪ್ರಧಾನಿಯೂ ಆದರು. ಲಾಬಿ ಇಲ್ಲಿ ಬಹಿರಂಗವಾಗಿತ್ತು. ಯಾರು ಯಾರ ಪರ ಎಂಬುದು ಎಲ್ಲರಿಗೂ ತಿಳಿದಿತ್ತು.

ತೆರೆದ ಬಾಗಿಲಿಗೂ ತನ್ನದೇ ಅಪಾಯವಿದೆ. ನ್ಯೂಯಾರ್ಕಿನ ಮೇಯರ್ ಜಾನ್ ಲಿಂಡ್ಸೆ ಅವರು 1966ರಲ್ಲಿ ಪೊಲೀಸರ ಮೇಲಿನ ದೂರುಗಳನ್ನು ಪರಿಶೀಲಿಸುವ ಮಂಡಳಿಗೆ ನಾಗರಿಕ ಸದಸ್ಯರನ್ನು ಸೇರಿಸಿದರು. ಗಸ್ತು ಪೊಲೀಸರ ಸಂಘವು ಅದನ್ನು ವಿರೋಧಿಸಿ ಸಹಿ ಸಂಗ್ರಹಿಸಿ ವಿಷಯವನ್ನು ಜನಮತಕ್ಕೆ ಒಯ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ ಮತದಾರರು ಹೆಚ್ಚಿನ ಅಂತರದಿಂದ ಆ ವ್ಯವಸ್ಥೆಯನ್ನು ರದ್ದುಪಡಿಸಿದರು. ಸಂಬಳಕ್ಕಾಗಿ ಕಟ್ಟಿದ ಸಂಘಶಕ್ತಿ ಇಲ್ಲಿ ನಾಗರಿಕರ ದೂರನ್ನು ತಡೆಯಲು ಬಳಕೆಯಾಯಿತು. ಭಾರತದ ಕಾಯ್ದೆ ಬಂದದ್ದು ಇದರ ಮರುತಿಂಗಳು ಎಂಬುದು ಕಾಕತಾಳೀಯ. ಆದರೆ ಈ ಎರಡು ಘಟನೆಗಳು ಪ್ರಶ್ನೆಯ ಎರಡು ತುದಿಗಳನ್ನು ತೋರಿಸುತ್ತವೆ.

ಭಾರತದಲ್ಲಿ ನಿರ್ಬಂಧದಿಂದ ಒತ್ತಡ ಇಲ್ಲವಾಗಲಿಲ್ಲ, ರೂಪ ಬದಲಿಸಿತು. 1973ರಲ್ಲಿ ಉತ್ತರ ಪ್ರದೇಶದ ಪ್ರಾಂತೀಯ ಸಶಸ್ತ್ರ ಪೊಲೀಸ್ ಪಡೆಯ ದಂಗೆಯನ್ನು ಅಡಗಿಸಲು ಸೇನೆ ಬರಬೇಕಾಯಿತು. ಮುಖ್ಯಮಂತ್ರಿ ಕಮಲಾಪತಿ ತ್ರಿಪಾಠಿ ರಾಜೀನಾಮೆ ನೀಡಿದರು. 1979ರ ಮೇ ತಿಂಗಳಲ್ಲಿ ಪಂಜಾಬಿನಲ್ಲಿ ಆರಂಭವಾದ ಪೊಲೀಸ್ ಚಳವಳಿ ಹಲವು ರಾಜ್ಯಗಳಿಗೆ ಹಬ್ಬಿತು. ಧರ್ಮವೀರ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗವು ಅದೇ ವರ್ಷದ ಫೆಬ್ರವರಿಯಲ್ಲಿ ಸಲ್ಲಿಸಿದ ಮೊದಲ ವರದಿಯಲ್ಲಿ ಕಾನ್‌ಸ್ಟೆಬಲ್‌ಗಳ ವೇತನ, ವಸತಿ ಮತ್ತು ಕುಂದುಕೊರತೆ ನಿವಾರಣೆಯನ್ನೇ ಚರ್ಚಿಸಿತ್ತು ಎಂಬುದು ಇಲ್ಲಿ ಉಲ್ಲೇಖನೀಯ.

ಕರ್ನಾಟಕದ 2016ರ ಪ್ರಸಂಗವೂ ಈ ಸಾಲಿಗೆ ಸೇರುತ್ತದೆ. ವೇತನ ತಾರತಮ್ಯ, ವಾರದ ರಜೆಯ ಅಭಾವ, ಮೇಲಧಿಕಾರಿಗಳ ಕಿರುಕುಳ, ಆರ್ಡರ್ಲಿ ಪದ್ಧತಿ ಇವುಗಳ ವಿರುದ್ಧ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘ ಕರೆ ನೀಡಿತು. ಆಯ್ದುಕೊಂಡ ಅಸ್ತ್ರ ಮುಷ್ಕರವಲ್ಲ, ರಜೆ ಅರ್ಜಿ ಎಂಬುದನ್ನು ಗಮನಿಸಬೇಕು. ನಿಯಮದ ಭಾಷೆಯಲ್ಲಿಯೇ ನಿಯಮವನ್ನು ಎದುರಿಸುವ ಈ ಉಪಾಯ ದುರ್ಬಲರ ಪ್ರತಿಭಟನೆಗಳಲ್ಲಿ ಮತ್ತೆ ಮತ್ತೆ ಕಾಣುವಂಥದು. ಸಂಘದ ಅಧ್ಯಕ್ಷರನ್ನು ಮುಂಚಿತವಾಗಿ ಬಂಧಿಸಿ ರಾಜದ್ರೋಹದ ಆರೋಪ ಹೊರಿಸಲಾಯಿತು. ಸಾಮೂಹಿಕ ರಜೆ ನಡೆಯಲಿಲ್ಲ. ಆದರೆ ಅದೇ ವರ್ಷ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ವೇತನ ಪರಿಷ್ಕರಣೆಗೆ ಶಿಫಾರಸು ಮಾಡಿತು. 2019ರಲ್ಲಿ ಸರ್ಕಾರ ಆ ಕುರಿತು ಆದೇಶ ಹೊರಡಿಸಿತು. ಕೇಳಿದವರನ್ನು ದಂಡಿಸಿ, ಕೇಳಿದ್ದರಲ್ಲಿ ಒಂದಿಷ್ಟನ್ನು ಕೊಡುವ ಈ ಕ್ರಮದಿಂದ ಅಹವಾಲು ನ್ಯಾಯವಾದದ್ದೆಂದು ಒಪ್ಪಿದಂತಾಯಿತು, ದಾರಿ ಮಾತ್ರ ಮುಚ್ಚಿಯೇ ಉಳಿಯಿತು.

ದಾರಿ ಮುಚ್ಚಿದಾಗ ಬೇರೆಯವರು ಮುಂದೆ ಬರುತ್ತಾರೆ. ವಕೀಲರೊಂದಿಗಿನ ಘರ್ಷಣೆಯ ಬಳಿಕ 2019ರ ನವೆಂಬರ್ 5ರಂದು ದೆಹಲಿ ಪೊಲೀಸರು ತಮ್ಮದೇ ಕೇಂದ್ರ ಕಚೇರಿಯ ಮುಂದೆ ನೆರೆದಾಗ ಅವರ ಕುಟುಂಬದವರೂ ಬೀದಿಗಿಳಿದರು. ಸಮವಸ್ತ್ರಕ್ಕಿರುವ ನಿರ್ಬಂಧ ಮನೆಯವರಿಗಿಲ್ಲ. ಆದರೆ ಮನೆಯವರು ಮಾತುಕತೆಗೆ ಕುಳಿತು ಒಪ್ಪಂದಕ್ಕೆ ಸಹಿ ಹಾಕಲಾರರು.

ನಿರ್ಬಂಧದ ಭಾರ ಎಲ್ಲರ ಮೇಲೂ ಒಂದೇ ತೆರನಾಗಿಲ್ಲ. ಐಪಿಎಸ್ ಅಧಿಕಾರಿಗಳ ಕೇಂದ್ರ ಸಂಘವು 7ನೆಯ ವೇತನ ಆಯೋಗದ ಮುಂದೆ ಐಎಎಸ್ ಸಮಾನತೆಗಾಗಿ ವಾದಿಸಿತು. ಅದು ಯಾರಿಗೂ ಅಶಿಸ್ತಾಗಿ ಕಾಣಲಿಲ್ಲ. ಕೇರಳದಲ್ಲಿ ಕೆಳಹಂತದ ಸಿಬ್ಬಂದಿಗೂ ಮಾನ್ಯತೆ ಪಡೆದ ಸಂಘವಿದೆ. ಹಾಗಾಗಿ ಕಾನೂನು ಪೂರ್ಣ ನಿಷೇಧವಲ್ಲ. ಬೀಗದ ಕೈ ಸರ್ಕಾರದ ಬಳಿಯಿದೆ, ಕೆಲವರಿಗೆ ತೆರೆಯುತ್ತದೆ, ಕೆಲವರಿಗೆ ತೆರೆಯುವುದಿಲ್ಲ.

ಒಟ್ಟಾರೆಯಾಗಿ, ಪೊಲೀಸರಿಗೆ ಸಂಘ ಬೇಕೆ ಬೇಡವೆ ಎಂಬ ಪ್ರಶ್ನೆ ಅಪೂರ್ಣ. ಸಂಬಳ, ರಜೆ, ವಸತಿಗಳ ಬಗ್ಗೆ ಮಾತನಾಡುವ ಮಾನ್ಯ ವೇದಿಕೆ ಅವರಿಗೆ ಬೇಕು. ನಾಗರಿಕರ ದೂರಿನ ವಿಚಾರಣೆಯನ್ನು ತಡೆಯುವ ಶಕ್ತಿ ಆ ವೇದಿಕೆಗೆ ಇರಬಾರದು. ಈ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದು ಶಾಸಕರು ನಿರ್ಧರಿಸಬೇಕಾದ ವಿಷಯ. ಗೆರೆ ಎಳೆಯದೆ ಮೌನವನ್ನಷ್ಟೇ ವಿಧಿಸಿದರೆ ಅಹವಾಲು ಹೆಸರಿಲ್ಲದ ಕರಪತ್ರವಾಗಿ, ವದಂತಿಯಾಗಿ, ಕೊನೆಗೆ ದಂಗೆಯಾಗಿ ಹೊರಬರುತ್ತದೆ ಎಂಬುದಕ್ಕೆ ಮೇಲಿನ ಪ್ರಸಂಗಗಳು ಸಾಕ್ಷಿಯಾಗಿವೆ. ವೃತ್ತಿ ಜಾನಪದದ ಅಧ್ಯಯನಕಾರರು ಪೊಲೀಸ್ ವಸತಿಗೃಹಗಳ ಕಡೆಗೂ ಗಮನ ಹರಿಸಬೇಕಾದ ಅಗತ್ಯ ಇರುವುದು ಈ ಕಾರಣಕ್ಕೆ.