ತಿಂಗಳುಗಟ್ಟಲೆ ಉಳಿಯೋರಿಗೆ ಕೋಣೆ: ಕರಾರು ಮೊದಲು, ಬೀಗದಕೈ ಆಮೇಲೆ

ಬಿ.ಟಿ.ಎಂ. ಲೇಔಟ್ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ. ಪಕ್ಕದ ಜಯನಗರದಲ್ಲಿ ರಾಗಿಗುಡ್ಡ ಇದೆ. 2025ರ ಆಗಸ್ಟಿನಿಂದ ಅದೂ ಒಂದು ಮೆಟ್ರೋ ನಿಲ್ದಾಣ. ಹೆಸರಲ್ಲಿ ಮಾತ್ರ ರಾಗಿ ಉಳಿದಿದೆ, ಈಗ ಇಲ್ಲಿಯ ಬೆಳೆ ಬಾಡಿಗೆ.

ನಮ್ಮದು ಸಿರಾ ಕಡೆಯ ಖುಷ್ಕಿ ಹೊಲ. ಕಡಲೆಕಾಯಿ, ರಾಗಿ, ಅಂಚಿಗೆ ತೊಗರಿ. ತಮ್ಮ ಬೆಂಗಳೂರಲ್ಲಿ ನೌಕರಿ ಮಾಡಿ ಬಿ.ಟಿ.ಎಂ.ನಲ್ಲಿ ಮನೆ ಕಟ್ಟಿದ್ದಾನೆ. ಮೇಲಿನ ಎರಡು ಕೋಣೆಗೆ ನನ್ನ ದುಡ್ಡೂ ಬಿದ್ದಿದೆ. ಒಂದೊಂದಕ್ಕೂ ಬಚ್ಚಲು, ಸಣ್ಣ ಅಡುಗೆ ಕಟ್ಟೆ ಇದೆ. ದಿನದ ಲೆಕ್ಕದಲ್ಲಿ ಅತಿಥಿಗಳಿಗೆ ಕೊಡ್ತೀವಿ. ಸುಗ್ಗಿ ಮುಗಿದ ಮೇಲೆ ನಾನೇ ಬಂದು ನೋಡ್ಕೊಳ್ತೀನಿ. ಉಳಿದ ಕಾಲ ತಮ್ಮನ ಹೆಂಡತಿ. ನಮ್ಮ ಓದುಗರಲ್ಲೂ ಅನೇಕರ ಮಕ್ಕಳು, ತಮ್ಮಂದಿರು ಪಟ್ಟಣದಲ್ಲಿ ಒಂದೆರಡು ಕೋಣೆ ಹೆಚ್ಚಿಗೆ ಕಟ್ಟಿರ್ತಾರೆ. ಅಂಥವರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ.

ಎರಡು ದಿನ ಇದ್ದು ಹೋಗೋರದ್ದು ಸುಲಭ. ತೊಡಕು ಬರೋದು ತಿಂಗಳು, ಎರಡು ತಿಂಗಳು ಕೇಳೋರಲ್ಲಿ. ಮೊಬೈಲ್‌ನಲ್ಲಿ ಕೋಣೆ ಹಿಡಿಸೋ ಏರ್‌ಬಿಎನ್‌ಬಿಯಂಥವರು 28 ರಾತ್ರಿ ದಾಟಿದರೆ ದೀರ್ಘ ವಾಸ ಅಂತ ಬೇರೆ ಲೆಕ್ಕ ಇಡ್ತಾರೆ. ನಾವೂ ಹಾಗೇ ನೋಡಬೇಕು.

ಮೊದಲು ದುಡ್ಡಿನ ಲೆಕ್ಕ. ಉದಾಹರಣೆಗೆ ಒಂದು ರಾತ್ರಿಗೆ 1,200 ರೂಪಾಯಿ ಅಂತ ಇಟ್ಕೊಳ್ಳಿ. ತಿಂಗಳಿಗೆ 36,000 ಅಂತ ಬಾಯಲ್ಲಿ ಹೇಳೋದು ಸುಲಭ, ಮೂವತ್ತು ರಾತ್ರಿ ಯಾರೂ ತುಂಬಿ ಕೊಡೋಲ್ಲ. ಜನ ಎರಡೆರಡು ರಾತ್ರಿ ಇದ್ದು ಹೋದರೆ, ಪ್ರತಿ ಸಲ ಹಾಸಿಗೆ ಬಟ್ಟೆ ಒಗೆದು ಕೋಣೆ ತೊಳೆಯೋಕೆ 250 ಖರ್ಚು. ರಾತ್ರಿಗೆ ಉಳಿಯೋದು 1,075. ಅದೇ ಕೋಣೆಯನ್ನು ತಿಂಗಳಿಗೆ 20,000ಕ್ಕೆ ಒಬ್ಬರೇ ಕೇಳಿದರೆ, ವಾರಕ್ಕೊಮ್ಮೆ ತೊಳೆಯೋ ಖರ್ಚು ಕಳೆದು 19,000 ಕೈಗೆ. ಅಂದ್ರೆ ತಿಂಗಳಲ್ಲಿ 18 ರಾತ್ರಿ ತುಂಬೋ ಭರವಸೆ ಇಲ್ಲದಿದ್ದರೆ ದೀರ್ಘ ಗಿರಾಕಿಯೇ ಮೇಲು. ಈ ಲೆಕ್ಕ ನಿಮ್ಮ ಕೋಣೆಯ ದರ ಹಾಕಿ ನೀವೇ ಮಾಡಿ. ರಿಯಾಯಿತಿ ಎಷ್ಟು ಕೊಡಬಹುದು ಅನ್ನೋದು ಆಗ ತಾನಾಗಿ ಗೊತ್ತಾಗುತ್ತೆ. ಕರೆಂಟಿಗೆ ಮಾತ್ರ ಕೋಣೆಗೊಂದು ಸಬ್ ಮೀಟರ್ ಇರಲಿ. ದಿನಗಟ್ಟಲೆ ಇರೋರು ಗೀಸರ್ ಹಾಕಿ ಮರೆತರೆ ಒಂದು ದಿನದ ನಷ್ಟ, ತಿಂಗಳುಗಟ್ಟಲೆ ಇರೋರು ಮರೆತರೆ ಲಾಭವೇ ಹೋಯ್ತು. ನೀರಿನದೂ ಹಾಗೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕ್ಯೂ ನಿಂತಿದ್ದನ್ನು ಯಾರೂ ಮರೆತಿಲ್ಲ. ಟ್ಯಾಂಕರ್ ತರಿಸಬೇಕಾದರೆ ಪಾಲು ಯಾರದ್ದು ಅಂತ ಮೊದಲೇ ಬರೆದಿಡಿ.

ಅತಿಥಿಯೋ ಬಾಡಿಗೆದಾರನೋ?

ನಮ್ಮ ರೈತರಿಗೆ ಒಂದು ಹೆದರಿಕೆ ಇದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಜಮೀನು ಹೋಗಿದ್ದನ್ನು ನೋಡಿದವರು, ಕೇಳಿದವರು ಏನನ್ನೂ ಇನ್ನೊಬ್ಬರ ಕೈಗೆ ಬಹಳ ದಿನ ಕೊಡೋಕೆ ಹಿಂಜರಿತಾರೆ. ಆ ಕಾಯಿದೆ ಸಾಗುವಳಿ ಜಮೀನಿನದು, ಪಟ್ಟಣದ ಕೋಣೆಗೆ ಅದು ಬರೋಲ್ಲ. ಆದರೆ ಬೇರೊಂದು ವಿಚಾರ ಇದೆ. ಕೋಣೆಯನ್ನು ಪೂರ್ತಿ ಒಬ್ಬರ ವಶಕ್ಕೆ ಬಿಟ್ಟು ತಿಂಗಳ ಬಾಡಿಗೆ ತಗೊಳ್ತಾ ಹೋದರೆ, ನೀವು ಅತಿಥಿ ಅಂತ ಕರೆದರೂ ಕೋರ್ಟು ಅವರನ್ನು ಬಾಡಿಗೆದಾರ ಅಂತ ನೋಡಬಹುದು. ಕಾಗದದ ತಲೆಬರಹ ಮುಖ್ಯವಲ್ಲ, ನಿಜವಾಗಿ ವಶ ಯಾರ ಕೈಲಿದೆ, ಇಬ್ಬರ ಇರಾದೆ ಏನು ಅನ್ನೋದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟು 1959ರಲ್ಲೇ ದೆಹಲಿಯ ಒಂದು ಹೋಟೆಲಿನ ಕೋಣೆಗಳ ದಾವೆಯಲ್ಲಿ ಹೇಳಿದೆ. ಬಾಡಿಗೆದಾರ ಆದಮೇಲೆ ನೋಟೀಸು ಕೊಟ್ಟೇ ಬಿಡಿಸಬೇಕು. ಕರಾರಿನಲ್ಲಿ ಬೇರೆ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟೀಸು. ಸಿಟ್ಟಿಗೆದ್ದು ಕರೆಂಟು ಕಿತ್ತು, ನಲ್ಲಿ ಮುಚ್ಚಿ ಓಡಿಸೋ ಹಾಗಿಲ್ಲ.

ಅದಕ್ಕೇ ನಾವು ಒಂದು ಬೀಗದಕೈ ನಮ್ಮ ಹತ್ತಿರವೇ ಇಟ್ಕೊಂಡಿದ್ದೀವಿ. ವಾರಕ್ಕೊಮ್ಮೆ ಹೇಳಿ ಹೋಗಿ ಕೋಣೆ ತೊಳೆದು ಹಾಸಿಗೆ ಬದಲಾಯಿಸ್ತೀವಿ. ಮಂಚ, ಬೀರು, ಪಾತ್ರೆ ಎಲ್ಲಾ ನಮ್ಮದೇ, ಪಟ್ಟಿ ಮಾಡಿ ಸಹಿ ಹಾಕಿಸ್ತೀವಿ. ಬರೋ ದಿನ, ಹೋಗೋ ದಿನ ಎರಡೂ ಕಾಗದದಲ್ಲಿ. ಇನ್ನೊಂದು ತಿಂಗಳು ಇರ್ತೀನಿ ಅಂದರೆ ಹೊಸ ಕಾಗದ, ಬಾಯಿಮಾತಲ್ಲಿ ಮುಂದುವರಿಸೋದು ಇಲ್ಲ. ಊರಲ್ಲೆಲ್ಲಾ 11 ತಿಂಗಳ ಕರಾರು ಮಾಡೋದು ಯಾಕೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕೇ.

ಗುರುತಿನ ಚೀಟಿಯ ನಕಲು ಎಲ್ಲರದೂ ತಗೊಳ್ಳಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅದಕ್ಕಿರೋ ಫಾರಂ ತುಂಬಿ ಕಳಿಸಬೇಕು. ಇದನ್ನು ಒಂದೇ ರಾತ್ರಿಯ ಅತಿಥಿಗೂ ಬಿಡೋ ಹಾಗಿಲ್ಲ.

ಕಂಪನಿ ಬುಕಿಂಗ್

ಬನ್ನೇರುಘಟ್ಟ ರಸ್ತೆ, ಜೆ.ಪಿ. ನಗರದ ಕಡೆ ಕಂಪನಿಗಳು ಬಹಳ. ಹೊಸದಾಗಿ ಸೇರಿದವರನ್ನು, ತರಬೇತಿಗೆ ಬಂದವರನ್ನು ತಿಂಗಳು ಎರಡು ತಿಂಗಳು ಇರಿಸೋಕೆ ಕೋಣೆ ಕೇಳ್ತಾರೆ. ಇಲ್ಲಿ ಮಲಗೋನು ಒಬ್ಬ, ದುಡ್ಡು ಕೊಡೋನು ಇನ್ನೊಬ್ಬ. ಎಲ್ಲಾ ತಕರಾರೂ ಇದರಿಂದಲೇ ಹುಟ್ಟುತ್ತೆ. ಪಕ್ಕದ ಬೀದಿಯ ಮನೆಯೊಂದರಲ್ಲಿ ಕಂಪನಿ ಕಳಿಸಿದ್ದ ಹುಡುಗ ನಡುವೆಯೇ ಕೆಲಸ ಬಿಟ್ಟ. ಕಂಪನಿ ಮನೆಯವರಿಗೆ ತಿಳಿಸಲಿಲ್ಲ, ಹುಡುಗ ಮೂರು ವಾರ ಇದ್ದೇ ಇದ್ದ. ಕೊನೆಗೆ ಕಂಪನಿ ಅವನನ್ನು ತೋರಿಸ್ತು, ಅವನು ಕಂಪನಿಯನ್ನು ತೋರಿಸ್ದ. ಆ ಮೂರು ವಾರದ ದುಡ್ಡು ಬರಲೇ ಇಲ್ಲ.

ಫೋನಿನಲ್ಲಿ ಮಾತಾಡಿದ ಮ್ಯಾನೇಜರನ ಮಾತು ಕಾಗದ ಅಲ್ಲ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಇರೋನ ಹೆಸರು, ತಾರೀಖು, ದರ, ಒಡೆದು ಹೋದ ಸಾಮಾನಿಗೆ ಯಾರು ಹೊಣೆ, ಆತ ಕೆಲಸ ಬಿಟ್ಟರೆ ಎಷ್ಟು ದಿನದೊಳಗೆ ತಿಳಿಸಬೇಕು, ಇಷ್ಟೂ ಬರಬೇಕು. ಹೆಸರು ಬದಲಾದರೆ ಹೊಸ ಪತ್ರ. ಶುಕ್ರವಾರ ರಾತ್ರಿ ಊರಿಗೆ ಹೋಗಿ ಸೋಮವಾರ ಬರ್ತಾರೆ, ಆ ದಿನದ ದುಡ್ಡು ಕಳೀರಿ ಅಂತಾರೆ. ಕೋಣೆ ಅವರಿಗಾಗಿ ಖಾಲಿ ಇದ್ದರೂ ಬಾಡಿಗೆ ಬಾಡಿಗೆಯೇ ಅಂತ ಮೊದಲೇ ಹೇಳಿಬಿಡಿ. ಬಿಲ್ ಕೊಟ್ಟ 30, 45 ದಿನಕ್ಕೆ ದುಡ್ಡು ಅಂತ ದೊಡ್ಡ ಕಂಪನಿಗಳು ಹೇಳೋದು ರೂಢಿ. ಮಂಡಿಯಲ್ಲಿ ಕಡಲೆಕಾಯಿ ಸುರಿದು ಪಟ್ಟಿಗೆ ಕಾಯೋದು ನಮಗೆ ಹೊಸದಲ್ಲ, ಆದರೆ ಇಲ್ಲಿ ಕಾಯಬೇಕಾಗಿಲ್ಲ. ಒಂದು ತಿಂಗಳ ಮುಂಗಡ ಕೇಳಿ, ಕೊಡೋ ಕಂಪನಿ ಕೊಡುತ್ತೆ.

ಜಿ.ಎಸ್.ಟಿ. ಬಿಲ್ ಕೇಳಿದರೆ ಗಾಬರಿ ಬೇಡ. ವರ್ಷಕ್ಕೆ 20 ಲಕ್ಷ ದಾಟದ ನಮ್ಮಂಥವರಿಗೆ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿ.ಎಸ್.ಟಿ. ಹಾಕಲೇಬಾರದು, ಸಾದಾ ಬಿಲ್ ಸಾಕು. ನೋಂದಣಿ ಇರೋ ಕಂಪನಿ ವಾಸದ ಮನೆಯನ್ನೇ ಬಾಡಿಗೆಗೆ ಹಿಡಿದರೆ, 2022ರ ಜುಲೈ 18ರಿಂದ ಆ ತೆರಿಗೆ ಕಟ್ಟೋ ಹೊಣೆ ಕಂಪನಿಯದೇ. ಬಾಡಿಗೆ ತಿಂಗಳಿಗೆ 50,000 ಮೀರಿದರೆ ಕಂಪನಿ ಶೇ. 10 ಹಿಡಿದು ಆದಾಯ ತೆರಿಗೆಗೆ ಕಟ್ಟುತ್ತೆ. ಅದು ನಿಮ್ಮ ಪ್ಯಾನ್ ನಂಬರಿಗೆ ಜಮೆ ಆಗಿದೆಯೇ ಅಂತ ನೋಡ್ಕೊಳ್ಳಿ. ಇನ್ನೊಂದು ಮಾತು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ ಅಂತ ಕೋಣೆಯ ದುಡ್ಡನ್ನೂ ಅದರಲ್ಲಿ ಸೇರಿಸಿ ತೋರಿಸೋ ಹಾಗಿಲ್ಲ.

ಆಸ್ಪತ್ರೆಗೆ ಬಂದವರು

ಜಯದೇವ, ನಿಮ್ಹಾನ್ಸ್, ಕಿದ್ವಾಯಿ, ಸಂಜಯ್ ಗಾಂಧಿ ಆಸ್ಪತ್ರೆ ಎಲ್ಲಾ ಈ ಸುತ್ತಿನಲ್ಲೇ. ರಾಯಚೂರು, ಬಳ್ಳಾರಿ, ನಮ್ಮ ಪಾವಗಡದ ಕಡೆಯಿಂದಲೂ ಬರ್ತಾರೆ. ಕ್ಯಾನ್ಸರಿಗೆ ರೇಡಿಯೇಶನ್ ಅಂದರೆ ಎಷ್ಟೋ ಜನಕ್ಕೆ ವಾರಕ್ಕೆ ಐದು ದಿನದಂತೆ ಐದಾರು ವಾರ. ಕೊಡಿಸೋರು ನಮ್ಮಂಥ ರೈತರೇ. ಇವರಿಗೆ ಎರಡು ಬೇಕು: ಗಂಜಿ ಕಾಯಿಸೋಕೆ ಒಲೆ, ಮತ್ತೆ ಹೋಗೋ ದಿನವನ್ನು ಮುಂಚೆ ಹೇಳದೆ ಇರೋ ಸ್ವಾತಂತ್ರ್ಯ. ಡಾಕ್ಟರಿಗೇ ಗೊತ್ತಿಲ್ಲದ ತಾರೀಖನ್ನು ಅವರ ಹತ್ತಿರ ಬರೆಸಿಕೊಂಡು ಏನು ಮಾಡೋದು? ಅದಕ್ಕೆ ವಾರವಾರ ಮುಂಗಡ ತಗೊಳ್ತೀವಿ, ವಾರಕ್ಕೊಂದು ಚೀಟಿ. ನಡುವೆ ಹೊರಟರೆ ಉಳಿದ ದಿನದ ದುಡ್ಡು ವಾಪಸ್. ಇದುವರೆಗೆ ಯಾರೂ ಬಾಕಿ ಇಟ್ಟು ಹೋಗಿಲ್ಲ.

ಈ ಜನವರಿಯಲ್ಲಿ ಒಂದು ಕಂಪನಿಯವರು ಬಂದು ಎರಡೂ ಕೋಣೆ 11 ತಿಂಗಳಿಗೆ ಕೊಡಿ ಅಂದರು. ದರವೂ ಕಮ್ಮಿ ಇರಲಿಲ್ಲ. ಮನೆಯಲ್ಲಿ ಎರಡು ದಿನ ಇದೇ ಚರ್ಚೆ. ಕೊಟ್ಟುಬಿಡೋಣ, ತಲೆನೋವು ತಪ್ಪುತ್ತೆ ಅಂತ ತಮ್ಮ. ನಾನು ಒಪ್ಪಲಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕಂಪನಿಗಳು ಜನರನ್ನು ಮನೆಗೆ ಕಳಿಸಿ ಬಿ.ಟಿ.ಎಂ.ನ ಪಿ.ಜಿ.ಗಳು ಖಾಲಿ ಬಿದ್ದವು. ಕಡಲೆಕಾಯಿ ಒಂದನ್ನೇ ಹಾಕಿದ ಹೊಲದ ಹಾಗೆ ಎರಡೂ ಕೋಣೆಯನ್ನು ಒಬ್ಬನ ಕೈಗೆ ಕೊಡಬಾರದು. ಮತ್ತೆ ಆಸ್ಪತ್ರೆಯವರು ಬರೋದು ಒಬ್ಬರ ಬಾಯಿಂದ ಒಬ್ಬರಿಗೆ ತಿಳಿದು. ಒಂದು ವರ್ಷ ಬಾಗಿಲು ಮುಚ್ಚಿದರೆ ಆ ದಾರಿ ಹುಲ್ಲು ಬೆಳೆಯುತ್ತೆ. ಕೊನೆಗೆ ತಮ್ಮನ ಹೆಂಡತಿಯೇ ತೀರ್ಮಾನ ಹೇಳಿದಳು: ರಸ್ತೆ ಕಡೆಯ ಕೋಣೆ ಕಂಪನಿಗೆ, ಅದೂ ಮೂರು ಮೂರು ತಿಂಗಳ ಕಾಗದ. ಒಲೆ ದೊಡ್ಡದಿರೋ ಹಿಂದಿನ ಕೋಣೆ ಆಸ್ಪತ್ರೆಯವರಿಗೆ. ಕಂಪನಿಯವರು ಸ್ವಲ್ಪ ಗೊಣಗಿ ಒಂದು ತಿಂಗಳ ಮುಂಗಡ ಕೊಟ್ಟು ಹೋದರು. ಅವರ ಮೊದಲ ಕಾಗದ ಏಪ್ರಿಲ್ ಕೊನೆಗೆ ಮುಗಿಯುತ್ತೆ. ಭರಣಿ ಮಳೆ ಬಿದ್ದರೆ ನಾನು ಉಳುಮೆಗೆ ಊರಿಗೆ ಹೋಗಿರ್ತೀನಿ. ಹೊಸ ಕಾಗದ ಅವಳೇ ಬರೆಸ್ತಾಳೆ.