ಹಳೇ ಕಂಪ್ಯೂಟರಿಗೆ ಹೊಸ ಡಿಸ್ಕ್ ಬೇಕೇ?

ಮನೆಯ ಕಂಪ್ಯೂಟರ್ ನಿಧಾನವಾಗಿದೆಯೇ? ಶುರುವಾಗೋಕೇ ಐದು ನಿಮಿಷ ಬೇಕೇ? ಹೊಸದು ಕೊಳ್ಳಲು ಸಾಲ ಮಾಡುವ ಮೊದಲು ಒಂದು ವಿಷಯ ತಿಳಿಯೋಣ.

ಕಂಪ್ಯೂಟರ್ ಒಳಗೆ ಹಾರ್ಡ್ ಡಿಸ್ಕ್ ಇರುತ್ತೆ. ಫೋಟೋ, ಲೆಕ್ಕ, ಮಕ್ಕಳ ಪಾಠ ಎಲ್ಲಾ ಉಳಿಯೋದು ಅದರಲ್ಲೇ. ಅದರೊಳಗೆ ತಟ್ಟೆಗಳು ಗಿರ್ರನೆ ತಿರುಗುತ್ತವೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು! ಒಂದು ಸಣ್ಣ ತೋಳು ಅತ್ತಿತ್ತ ಓಡಾಡಿ ಬೇಕಾದ್ದನ್ನು ಹುಡುಕುತ್ತದೆ. ಅದಕ್ಕೇ ತಡ.

ಎಸ್‌ಎಸ್‌ಡಿ ಎಂಬ ಇನ್ನೊಂದು ಬಗೆ ಇದೆ. ಅದರಲ್ಲಿ ತಿರುಗೋದು ಏನೂ ಇಲ್ಲ. ಮೊಬೈಲಿನ ಮೆಮೊರಿ ಕಾರ್ಡಿನ ಹಾಗೆ ಬರೀ ಚಿಪ್. ಬೇಕಾದ್ದು ಥಟ್ಟನೆ ಸಿಗುತ್ತೆ. ಆದರೆ ಅಷ್ಟೇ ಜಾಗಕ್ಕೆ ಬೆಲೆ ಜಾಸ್ತಿ.

ಹಾಗಾದ್ರೆ ಬದಲಾಯಿಸಬೇಕೇ? ತಡ ಎಲ್ಲಿದೆ ಎಂದು ಮೊದಲು ನೋಡೋಣ. ಇಂಟರ್‌ನೆಟ್ ಮಾತ್ರ ನಿಧಾನವಾದರೆ ಡಿಸ್ಕ್ ಬದಲಿಸಿ ಫಲವಿಲ್ಲ. ಶುರುವಾಗೋದೇ ತಡ, ಉಳಿದ ಭಾಗಗಳು ಚೆನ್ನಾಗಿವೆ ಎಂದಾದರೆ ಬದಲಿಸಬಹುದು. ಯಾವ ಅಳತೆಯದು ಹೊಂದುತ್ತೆ ಎಂದು ರಿಪೇರಿಯವರಿಗೆ ತೋರಿಸಿ ಕೇಳೋಣ. ಹಳೇ ಡಿಸ್ಕ್ ಕಟಕಟ ಸದ್ದು ಮಾಡಿದರೆ ಕೆಡುತ್ತಿರಬಹುದು. ಆಗ ಕಾಯಬಾರದು.

ಒಂದು ಎಚ್ಚರ. ಡಿಸ್ಕ್ ಬಿಚ್ಚಿಸುವ ಮೊದಲೇ ಫೋಟೋ, ಕಾಗದಪತ್ರಗಳ ನಕಲು ತೆಗೆದು ಬೇರೆ ಕಡೆ ಇಡಿ. ಎಸ್‌ಎಸ್‌ಡಿ ಕೂಡ ಕೆಡುತ್ತೆ. ಎಷ್ಟೋ ಸಲ ಸುಳಿವೇ ಕೊಡದೆ ಕೆಡುತ್ತೆ. ಹಳೇ ಡಿಸ್ಕ್ ಸರಿಯಾಗಿದ್ದರೆ ಎಸೆಯಬೇಡಿ. ಇನ್ನೊಂದು ನಕಲು ಇಡೋಕೆ ಅದು ಬರುತ್ತೆ.

ಡಿಸ್ಕ್ ಹೋದರೆ ಇನ್ನೊಂದು ಕೊಳ್ಳಬಹುದು. ಮಗಳ ಮದುವೆ ಫೋಟೋ ಯಾವ ಅಂಗಡೀಲಿ ಸಿಗುತ್ತೆ?