ಊರ ರಸ್ತೆಯೇ ರೇಸ್ ಟ್ರ್ಯಾಕ್!

ಕಲ್ಲಿನ ಗೋಡೆ, ದೀಪದ ಕಂಬ, ಪಬ್ಬಿನ ಬಾಗಿಲು. ಪಕ್ಕದಲ್ಲೇ 250 ಕಿಲೋಮೀಟರ್ ವೇಗ ದಾಟಿದ ಬೈಕು! ಇದು ಐಲ್ ಆಫ್ ಮ್ಯಾನ್, ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಪುಟ್ಟ ದ್ವೀಪ.

ರೇಸ್ ಇಲ್ಲಿಗೇ ಯಾಕೆ ಬಂತು? ಕಾನೂನಿನ ಕಾಟ ತಾಳಲಾರದೆ! ಆಗ ಬ್ರಿಟನ್ನಿನಲ್ಲಿ ಗಂಟೆಗೆ 20 ಮೈಲಿ ಮೀರುವಂತಿರಲಿಲ್ಲ. ರೇಸಿಗೆಂದು ರಸ್ತೆ ಮುಚ್ಚಲೂ ಬಿಡುತ್ತಿರಲಿಲ್ಲ. ಈ ದ್ವೀಪಕ್ಕೆ ತನ್ನದೇ ಸಂಸತ್ತಿತ್ತಲ್ಲ, 1904ರಲ್ಲಿ ಅದು ಹ್ಞೂಂ ಅಂದುಬಿಟ್ಟಿತು. ಮೊದಲು ಕಾರು. 1907ರಲ್ಲಿ ಬೈಕುಗಳ ಟಿಟಿ, ಅಂದರೆ ಟೂರಿಸ್ಟ್ ಟ್ರೋಫಿ ರೇಸ್. 1911ರಲ್ಲಿ ಸ್ನೇಫೆಲ್ ಬೆಟ್ಟದ ದಾರಿ. ಈಗ ಒಂದು ಸುತ್ತಿಗೆ 60 ಕಿಲೋಮೀಟರ್, 200ಕ್ಕೂ ಹೆಚ್ಚು ತಿರುವು!

ಬಲಾಫ್ ಹಳ್ಳಿಯ ಉಬ್ಬು ಸೇತುವೆ ನೋಡಿ. ಎರಡೂ ಚಕ್ರ ನೆಲ ಬಿಟ್ಟು ಹಾರುತ್ತವೆ. ಎಲ್ಲರೂ ಒಟ್ಟಿಗೆ ಹೊರಡೋದಿಲ್ಲ, ಹತ್ತು ಸೆಕೆಂಡಿಗೊಬ್ಬರು. ಪೈಪೋಟಿ ಗಡಿಯಾರದ ಜೊತೆ. 2023ರಲ್ಲಿ ಒಂದು ಸುತ್ತಿನಲ್ಲಿ ಸವಾರ ಪೀಟರ್ ಹಿಕ್‌ಮನ್‌ನ ಸರಾಸರಿ ವೇಗ ಗಂಟೆಗೆ 219 ಕಿಲೋಮೀಟರ್. ಹೌದು, ಸರಾಸರಿ!

ಆದರೆ ಈ ದಾರಿ 250ಕ್ಕೂ ಹೆಚ್ಚು ಸವಾರರನ್ನು ಬಲಿ ಪಡೆದಿದೆ. 1972ರಲ್ಲಿ ಸವಾರ ಪಾರ್ಲೊಟ್ಟಿ ಸತ್ತ. ಹತ್ತು ಬಾರಿ ಗೆದ್ದಿದ್ದ ಅವನ ಗೆಳೆಯ ಅಗೊಸ್ಟಿನಿ ಆ ವರ್ಷದ ನಂತರ ಇಲ್ಲಿ ಸ್ಪರ್ಧಿಸಲೇ ಇಲ್ಲ. 1976ರ ಬಳಿಕ ಈ ರೇಸಿಗಿದ್ದ ವಿಶ್ವ ಚಾಂಪಿಯನ್‌ಶಿಪ್ಪಿನ ಮಾನ್ಯತೆಯೂ ಹೋಯಿತು.

ರೇಸ್ ಮಾತ್ರ ನಿಂತಿಲ್ಲ. ಮೇ ಕೊನೆಗೆ ಶುರು. ಆಟ ಮುಗಿದರೆ ಅದೇ ರಸ್ತೆಯಲ್ಲಿ ಊರಿನ ಬಸ್ಸು ಓಡುತ್ತೆ.